ಅಲ್ಪವಿರಾಮದ ಮುಂದಿನ ಖಾಲಿ ಜಾಗ

ಮಕ್ಕಳೇ, ನಾನು ಇನ್ನೂ ಲಂಗ ತೊಟ್ಟು ಓಡಾಡುವಷ್ಟು ಚಿಕ್ಕವಳಿದ್ದಾಗ, ಅಪ್ಪ ಬಸವಕಲ್ಯಾಣದ ಒಂದು ಗ್ರಂಥಾಲಯ ನೋಡಿಕೊಳ್ಳುತ್ತಿದ್ದರು. ನೌಕರಿ ಕಾಯಂ ಆಗಿರಲಿಲ್ಲ. ಅದನ್ನು ತೀರ್ಮಾನಿಸಲು ಜಿಲ್ಲೆಯಿಂದ ಸಾಹೇಬರು ಬರುವವರಿದ್ದರು.

ಆಗ ಪ್ರತಿ ಪುಸ್ತಕಕ್ಕೂ ಒಂದು ದಪ್ಪ ಕಾರ್ಡು. ಮೊದಲ ಸಾಲಿನಲ್ಲಿ ಬರೆದವರ ಮನೆತನದ ಹೆಸರು, ಅಲ್ಪವಿರಾಮ, ಆಮೇಲೆ ಅವರ ಸ್ವಂತ ಹೆಸರು. ಅದರ ಕೆಳಗೆ ಪುಸ್ತಕದ ಹೆಸರು. ಅಲ್ಪವಿರಾಮ ಬಿಟ್ಟುಹೋದರೆ ಅಪ್ಪ ಕಾರ್ಡನ್ನೇ ಹರಿದು ಹಾಕುತ್ತಿದ್ದರು. ಹೊಸದಾಗಿ ಮದುವೆಯಾಗಿ ಮಂಠಾಳಕ್ಕೆ ಹೋಗಿದ್ದ ಅಕ್ಕ ಹಬ್ಬಕ್ಕೆ ಬಂದವಳು ಮುತ್ತಿನಂಥ ಅಕ್ಷರದಲ್ಲಿ ಕಾರ್ಡು ಬರೆದುಕೊಟ್ಟಳು. ಒಂದರಲ್ಲಿ ಮಾತ್ರ 'ಪಾಟೀಲ' ಎಂದು ಬರೆದು, ಅಲ್ಪವಿರಾಮ ಹಾಕಿ, ಮುಂದೆ ಖಾಲಿ ಬಿಟ್ಟಿದ್ದಳು. ಆ ಲೇಖಕರದ್ದೂ ನಮ್ಮ ಭಾವನದ್ದೂ ಒಂದೇ ಹೆಸರು. ಗಂಡನ ಹೆಸರೆತ್ತಿದರೆ, ಬರೆದರೂ ಸಹ, ಅವನ ಆಯುಷ್ಯ ಕಡಿಮೆಯಾಗುತ್ತದೆಂದು ಆಗಿನವರು ನಂಬಿದ್ದರು. ಕಾರ್ಡು ಹೀಗೆ ಖಾಲಿ ಉಳಿದಿದ್ದು ಅಪ್ಪನಿಗೆ ಗೊತ್ತಿರಲಿಲ್ಲ.

ಸಾಹೇಬರನ್ನು ಕರೆತರಲು ಅಪ್ಪ ಬಸ್ ಸ್ಟ್ಯಾಂಡಿಗೆ ಹೋದರು. ಸಾಹೇಬರೋ ಹುಮನಾಬಾದ್ ಕಡೆಯಿಂದ ಜೀಪಿನಲ್ಲಿ ನೇರ ಗ್ರಂಥಾಲಯಕ್ಕೇ ಬಂದಿಳಿದರು. ಒಳಗೆ ಅಕ್ಕ, ನಾನು ಇಬ್ಬರೇ. ಅವರು ಡ್ರಾಯರು ಎಳೆದು ಕಾರ್ಡು ಸರಿಸುತ್ತಾ ಹೋದಂತೆ ಅಕ್ಕನ ಮುಖ ಸುಣ್ಣದಂತಾಯಿತು. ಅವರ ಬೆರಳು ಆ ಖಾಲಿ ಬಿಟ್ಟ ಕಾರ್ಡಿನ ಮೇಲೇ ನಿಂತಿತು.

"ಪಾಟೀಲರಿಗೆ ಈ ಕಡಿ ಬರ ಅದ ಏನವ್ವ? ಯಾವ ಪಾಟೀಲ?"

ಅಕ್ಕ ಸೆರಗು ಹಿಂಡುತ್ತಾ ನಿಂತಳು. ನಾನೇ ಹೇಳೋಣವೆಂದರೆ ಸಾಹೇಬರ ಹೆದರಿಕೆ, ಅಕ್ಕನ ಹಿಂದೆ ಸರಿದೆ.

"ಮಾತಾಡಲ್ಲೇನು? ಪುಸ್ತಕ ಇಲ್ಲದೇ ಸುಳ್ಳು ಕಾರ್ಡ್ ಬರದೀರಿ ಅಂತ ಬರ್ಕೋತೀನಿ" ಎಂದು ಅವರು ಕೆಂಪು ಪೆನ್ನು ತೆಗೆದರು. ಆ ಪೆನ್ನು ಕಿತ್ತು ಹೊರಗೆಸೆಯಬೇಕು ಎನ್ನುವಷ್ಟು ಸಿಟ್ಟು ಬಂತು ನನಗೆ.

ಪೆನ್ನು ಕಾಗದಕ್ಕೆ ತಾಗುವಷ್ಟರಲ್ಲಿ ಅಕ್ಕ ಕಣ್ಣು ಮುಚ್ಚಿದಳು. ಮದುವೆಯಲ್ಲಿ ಎಲ್ಲರ ಮುಂದೆ ಗಂಡನ ಹೆಸರು ಪ್ರಾಸದಲ್ಲಿ ಸೇರಿಸಿ ಒಡಪು ಹೇಳುತ್ತಾರಲ್ಲ, ಅದಕ್ಕೆ ದೋಷವಿಲ್ಲ; ಹಾಗೆಯೇ ಹೇಳಿದಳು:

"ಕಪಾಟಿನಾಗ ಸಾಲಾಗಿ ನಿಂತಾವ ಪುಸ್ತಕ, ಮಾಣಿಕಪ್ಪನೋರ ಹೆಸರಿಗೆ ಬಾಗಿತ್ರಿ ಮಸ್ತಕ."

ಸಾಹೇಬರು ಪೆನ್ನಿನ ಟೊಪ್ಪಿಗೆ ಮುಚ್ಚಿದರು. ಅಷ್ಟರಲ್ಲಿ ಅಪ್ಪ ಏದುಸಿರು ಬಿಡುತ್ತಾ ಬಂದರು. "ಪಾಟೀಲ, ಮಾಣಿಕಪ್ಪ. ನೀವೇ ಬರೀರಿ, ಮಗಳಿಗೆ ಹೇಳಬ್ಯಾಡ್ರಿ" ಎಂದು ಸಾಹೇಬರು ಕಾರ್ಡು ಅವರ ಕೈಗಿತ್ತರು. ಅಪ್ಪನ ನೌಕರಿ ಕಾಯಂ ಆಯಿತು.

ಈಗ ನಿಮ್ಮ ಅವ್ವ ನಿಮ್ಮ ಅಪ್ಪನನ್ನು ಹೆಸರು ಹಿಡಿದೇ ಕೂಗುತ್ತಾಳೆ. ಅವನೂ ಗುಂಡುಕಲ್ಲಿನ ಹಾಗೆ ಗಟ್ಟಿಯಾಗಿದ್ದಾನೆ. ಒಳ್ಳೆಯದೇ ಆಯಿತು. ನೀವು ಪುಸ್ತಕ ಹುಡುಕುವುದೂ ಕಂಪ್ಯೂಟರಿನಲ್ಲಿ. ಹೆಸರಿನ ಜಾಗ ಖಾಲಿ ಬಿಟ್ಟರೆ ಅದು ಕೆಂಪಗಾಗಿ, ಮುಂದಕ್ಕೆ ಬಿಡುವುದಿಲ್ಲ. ಆ ಸಾಹೇಬರಾದರೂ ಯಾಕೆ ಖಾಲಿ ಎಂದು ಕೊನೆಗೆ ಅರ್ಥ ಮಾಡಿಕೊಂಡರು. ಈ ಕಂಪ್ಯೂಟರಿನ ಮುಂದೆ ಎಷ್ಟು ಒಡಪು ಹೇಳಿದರೇನು ಬಂತು?