ಒದ್ದೆ ಬಟ್ಟೆ ಕಂಡ ಹಲಗೆ

ಗಡಿಗೆ ಕೊಳ್ಳುವಾಗ ಬೆರಳ ಗೆಣ್ಣಿನಿಂದ ತಟ್ಟಿ, ಕಿವಿಗೊಟ್ಟು, ಸಂಗೀತಶಾಸ್ತ್ರಜ್ಞನ ಗಾಂಭೀರ್ಯದಿಂದ ತಲೆದೂಗುವ ದುರಭ್ಯಾಸ ನನಗಿದೆ. ಕುಷ್ಟಗಿ ಸಂತೆಯ ಕುಂಬಾರರು ಇದನ್ನು ಸಹಿಸಿಕೊಂಡಿದ್ದಾರೆ, ಮನೆಯಾಕೆ ಸಹಿಸಿಲ್ಲ. ತಪ್ಪು ನನ್ನದಲ್ಲ ಮಹಾರಾಯರೇ, ಹಲಗೆ ವಾದ್ಯ ಬಾರಿಸುವ ದುರ್ಗಪ್ಪನದು.

ಏಳೆಂಟು ವರ್ಷದ ಹಿಂದಿನ ಮಾತು. ನಾನು ಹನುಮಸಾಗರದಲ್ಲಿ ಸಾಲಿ ಮಾಸ್ತರ. ಗ್ರಾಮಫೋನ್ ಕಂಪನಿಯ ಸಾಹೇಬನೊಬ್ಬ ಗಂಗಾವತಿಗೆ ಬಂದು, ಬಾಡಿಗೆ ಮನೆಯ ಗೋಡೆಗಳಿಗೆಲ್ಲ ಕಂಬಳಿ ಹೊದಿಸಿ, ಹಾಡುಗಳನ್ನು ಮೇಣದ ತಟ್ಟೆಗಿಳಿಸುತ್ತಿದ್ದ. ನಮ್ಮೂರ ಲಾವಣಿ ಮೇಳದ ಸಂಗಡ ನಾನೂ ಹೋದೆ, ಉರ್ದು ಬಲ್ಲ ದುಭಾಷಿಯೆಂಬ ಬಿಂಕದಿಂದ.

ಮೇಳದ ಹಲಗೆಗಾರ, ಕೆಳಕೇರಿಯ ದುರ್ಗಪ್ಪ, ಯಂತ್ರದ ಮೇಲಿನ ಗೌರವದಿಂದ ಹೊಸ ಎಮ್ಮೆಗರುವಿನ ಚರ್ಮ ಬಿಗಿಸಿ ತಂದಿದ್ದ. ಅಂಗಳದಲ್ಲಿ ಹುಲ್ಲಿನ ಉರಿಗೆ ಹಿಡಿದು, ಠಣ್ಣೆನ್ನುವಂತೆ ಕಾಯಿಸಿ, ಒಳಗೆ ಬಂದು ಒಂದೇ ಪೆಟ್ಟು ಕೊಟ್ಟ. ತಟ್ಟೆ ಕೊರೆಯುತ್ತಿದ್ದ ಮುಳ್ಳು ಜಿಗಿಯಿತು. ಸಾಹೇಬನೂ ಸುಮಾರಾಗಿ ಜಿಗಿದ. ಇವನು ಹೊರಗೆ ಅಂಗಳದಲ್ಲೇ ನಿಂತು ಬಾರಿಸಲಿ, ಬಾಗಿಲು ತೆರೆದಿಟ್ಟರೆ ಸಾಕು ಎಂದು ಅಪ್ಪಣೆಯಾಯಿತು. ಅದನ್ನು ಹೇಗೆ ಹೇಳಲಿ? ನನ್ನ ಭಾಷಾಂತರ ಪಾಂಡಿತ್ಯವೆಲ್ಲ ಕರಗಿ, “ಹೊರಗ ಗಾಳಿ ಛಲೋ ಐತಿ, ದುರ್ಗಪ್ಪ” ಎಂದುಬಿಟ್ಟೆ.

“ಆ ಗಾಳಿ ಹುಟ್ಟಿದಾಗಿಂದ ಕುಡದೀನ್ರಿ ಮಾಸ್ತರ್ರ” ಎಂದ ಅವನು. “ಯಾರ ಮನಿ ಮದವಿ ಇರಲಿ, ಅಂಗಳ ದಾಟಿ ಒಳಗ ಬಾರಿಸಿಲ್ರಿ. ಇವತ್ತೊಂದಿನ ಮಂದಿ ಜೋಡಿ ಒಳಗ ಕುಂದರತೀನಿ. ಹಲಗಿಗೆ ನಾ ಬುದ್ಧಿ ಹೇಳತೀನಿ, ಸಾಹೇಬ್ರಿಗೆ ನೀವು ಹೇಳ್ರಿ.”

ಇನ್ನೊಂದು ಸಲ ಕೇಳಿ ನೋಡಲು ಸಾಹೇಬನನ್ನು ಹೇಗೋ ಒಪ್ಪಿಸಿದೆ. ಆಮೇಲೆ ದುರ್ಗಪ್ಪ ಮಾಡಿದ್ದು ಅವನ ಕಸುಬಿಗೇ ವಿರುದ್ಧ. ಹೊಸ ಹಲಗೆಯನ್ನು ಪಕ್ಕಕ್ಕಿಟ್ಟು, ಜೊತೆಗೆ ತಂದಿದ್ದ ಹಳೆಯ, ತೆಳು ಆಡಿನ ಚರ್ಮದ್ದನ್ನು ಎತ್ತಿಕೊಂಡ. ಜನ್ಮವಿಡೀ ಚರ್ಮಕ್ಕೆ ಬೆಂಕಿ ತೋರಿಸಿದ ಕೈಯಿಂದಲೇ ಒದ್ದೆ ಬಟ್ಟೆ ಸವರಿದ. ಗೆಣ್ಣಿನಿಂದ ತಟ್ಟಿದ, ಕಿವಿಗೊಟ್ಟ. ನೀರು ಹೆಚ್ಚಾಗಿ ರೊಟ್ಟಿ ಬಡಿದ ಸದ್ದು ಬಂತು. ತುಸು ಬಿಸಿಲಿಗೆ ಹಿಡಿದ, ಮತ್ತೆ ತಟ್ಟಿದ. ಕೋಲಿನ ತುದಿಗೆ ರುಮಾಲಿನ ಚೂರು ಸುತ್ತಿದ. ಮತ್ತೆ ಒಳಗೆ ಬಂದು ಬಾರಿಸಿದ. ಮುಳ್ಳು ಜಿಗಿಯಲಿಲ್ಲ. ಸಾಹೇಬ ಮೂಲೆಯ ಜಮಖಾನೆ ತೋರಿಸಿದ. ದುರ್ಗಪ್ಪ ಚಕ್ಕಳಮಕ್ಕಳ ಹಾಕಿ ಕುಳಿತ ಠೀವಿ ನೋಡಬೇಕಿತ್ತು ನೀವು!

ಕೆಲವು ತಿಂಗಳ ಮೇಲೆ ತಟ್ಟೆ ಊರಿಗೆ ಬಂತು. ಇದ್ದ ಒಂದೇ ಗ್ರಾಮಫೋನು ನನ್ನ ನಡುಮನೆಯಲ್ಲಿತ್ತು. ಕೀಲಿ ಕೊಟ್ಟೆ. ಲಾವಣಿಯ ಹಿಂದೆ ಹಲಗೆ ಸ್ಪಷ್ಟವಾಗಿ, ಹದವಾಗಿ ನುಡಿಯಿತು, ಮನೆಮಂದಿಯೆಲ್ಲ ತಲೆದೂಗಿದರು. ಬಾರಿಸಿದವನೆಲ್ಲಿ ಎಂದು ತಿರುಗಿದರೆ, ದುರ್ಗಪ್ಪ ಚಪ್ಪಲಿ ಕೈಯಲ್ಲಿ ಹಿಡಿದು, ಅಂಗಳದಲ್ಲಿ ಕತ್ತು ಚಾಚಿ ನಿಂತಿದ್ದ. ಅವನ ದನಿ ಒಳಗೆ ಬಂದಿತ್ತು, ಅವನು ಬಂದಿರಲಿಲ್ಲ. ಪರಸ್ಥಳದ ಸಾಹೇಬ ಕೊಟ್ಟ ಮೂಲೆಯನ್ನು ಇಷ್ಟು ವರ್ಷ ನಾನು ಕೊಟ್ಟಿರಲಿಲ್ಲವಲ್ಲ ಎಂದು ನಾಚಿಕೆಯಾಯಿತು. ತಟ್ಟೆ ನಿಲ್ಲಿಸಿದೆ.

“ಒಳಗ ಬಾ ದುರ್ಗಪ್ಪ. ನೀ ಕುಂತ ಮ್ಯಾಲೆ ಮತ್ತ ಹಚ್ಚತೀನಿ.”

ನಮ್ಮವ್ವನ ಹುಬ್ಬು ಏರಿತು. ಒಂದು ಗಳಿಗೆ ಬಿಟ್ಟು ಇಳಿಯಿತು. ಚಾಪೆ ಹಾಸಿದವಳು ಅವಳೇ.

ಗಡಿಗೆ ತಟ್ಟುವುದನ್ನು ನಾನು ಈಗಲೂ ಬಿಟ್ಟಿಲ್ಲ. ಆದರೆ ಸಂತೆಗೆ ದುರ್ಗಪ್ಪನೂ ಬರುತ್ತಾನೆ. ನಾನು ತಟ್ಟಿ ತಲೆದೂಗಿದರೆ, ಅವನು “ಬ್ಯಾಡ್ರಿ, ಸೀಳೈತಿ” ಎಂದು ನನ್ನ ಪಾಂಡಿತ್ಯಕ್ಕೆ ಒದ್ದೆ ಬಟ್ಟೆ ಸವರುತ್ತಾನೆ. ಅವನು ಆರಿಸಿದ ಗಡಿಗೆಯೇ ನಮ್ಮ ಅಡುಗೆಮನೆಗೆ ಬರುತ್ತದೆ. ಅದರ ಮೊದಲ ತಂಬಿಗೆ ನೀರನ್ನು ಇಬ್ಬರೂ ಕುಡಿಯುತ್ತೇವೆ.