ಜೂನ್ ಒಂದರ ಮಕ್ಕಳು

ಬೆಳಿಗ್ಗೆ ಚಹಾ ಮುಗಿಯುವಷ್ಟರಲ್ಲಿ ಮೊಬೈಲು ಮೂರು ಸಲ ಸದ್ದು ಮಾಡಿತು. ಬ್ಯಾಂಕಿನವರು, ವಿಮೆಯವರು, ಕನ್ನಡಕದ ಅಂಗಡಿಯವರು ನನಗೆ ಹುಟ್ಟುಹಬ್ಬದ ಶುಭಾಶಯ ಕೋರಿದ್ದರು. ಇವತ್ತು ಜೂನ್ ಒಂದು. ನಾನು ಹುಟ್ಟಿದ್ದು ಇವತ್ತಲ್ಲ. ಯಾವತ್ತು ಎಂಬುದು ನಮ್ಮವ್ವನಿಗೂ ನೆನಪಿರಲಿಲ್ಲ. ಶಾಲೆಗೆ ನನ್ನ ಹೆಸರು ಹಚ್ಚಿದ ಮಾಸ್ತರರು, ಶಾಲೆ ಶುರುವಾಗುವ ತಿಂಗಳ ಮೊದಲ ದಿನವನ್ನೇ ಬರೆದು ಕೈ ತೊಳೆದುಕೊಂಡರು. ನಿಮ್ಮ ಮನೆಯ ಹಿರಿಯರನ್ನು ಕೇಳಿ ನೋಡಿ, ಅಲ್ಲೂ ಒಬ್ಬಿಬ್ಬರು ಜೂನ್ ಒಂದರ ಮಕ್ಕಳು ಸಿಕ್ಕಾರು.

ಮುಂದೆ ನಾನೂ ಮಾಸ್ತರನಾಗಿ ಅದೇ ತಾರೀಖನ್ನು ಧಾರಾಳವಾಗಿ ಹಂಚಿದೆ. ಲಕಮನಹಳ್ಳಿಯ ಕಾರ್ಖಾನೆಗಳಿಗೆ ಹೋಗುವ ಹೆಂಗಸರು ಕೆಲಸಕ್ಕೆ ತಡವಾದೀತೆಂದು ಗಡಿಬಿಡಿಯಲ್ಲಿ ಮಕ್ಕಳನ್ನು ಕರೆತರುತ್ತಿದ್ದರು. ಹುಟ್ಟಿದ ತಾರೀಖು ಕೇಳಿದರೆ ನಗುತ್ತಿದ್ದರು. ನಾನು ಮಗುವಿಗೆ, ಬಲಗೈಯನ್ನು ತಲೆಯ ಮೇಲಿಂದ ಹಾಯಿಸಿ ಎಡಗಿವಿ ಮುಟ್ಟು ಎನ್ನುತ್ತಿದ್ದೆ. ಮುಟ್ಟಿದರೆ ಆರು ವರ್ಷ. ಮುಟ್ಟದಿದ್ದರೂ ತಾಯಿಯ ಮುಖ ನೋಡಿ ಆರು ವರ್ಷವೆಂದೇ ಬರೆಯುತ್ತಿದ್ದೆ. ಅದನ್ನು ನಾನು ದೊಡ್ಡ ಉಪಕಾರವೆಂದೇ ತಿಳಿದಿದ್ದೆ.

ನನ್ನ ಈ ಧಾರಾಳತನಕ್ಕೆ ಅಡ್ಡ ಬಂದವರು ಪ್ರಮೀಳಾಬಾಯಿ. ನವನಗರದ ಎರಡು ಕೋಣೆಯ ಮನೆಯಲ್ಲಿದ್ದುಕೊಂಡು ಅವರು ಈ ಕಾರ್ಮಿಕರ ಮನೆಗಳಿಗಾಗಿ ನಲವತ್ತು ವರ್ಷ ಓಡಾಡಿದರು. ನಳದ ನೀರು, ರೇಷನ್ ಕಾರ್ಡು, ಹೆರಿಗೆ ರಜೆ, ಕುಡಿದು ಹೊಡೆಯುವ ಗಂಡಂದಿರು, ಎಲ್ಲದಕ್ಕೂ ಜನ ಅವರ ಬಾಗಿಲಿಗೇ ಬರುತ್ತಿದ್ದರು. ಎಲ್ಲರ ಬಾಯಲ್ಲೂ ಅವರು ಅಕ್ಕಾರು.

ಅವರ ಮನೆಯ ಗೋಡೆಯಲ್ಲಿ ಒಂದರ ಹಿಂದೊಂದು ಹಳೆಯ ಕ್ಯಾಲೆಂಡರುಗಳು ತೂಗುತ್ತಿದ್ದವು. ಒಂದನ್ನೂ ಬಿಸಾಡಿದವರಲ್ಲ. ತಾಯಂದಿರನ್ನು ಕೂರಿಸಿಕೊಂಡು ತಾರೀಖನ್ನಲ್ಲ, ಆ ದಿನವನ್ನು ಕೇಳುತ್ತಿದ್ದರು: ಯಾವ ಹಬ್ಬ ಹತ್ತಿರವಿತ್ತು, ಮಳೆ ಹಿಡಿದಿತ್ತೋ, ಬಾಣಂತನ ಎಲ್ಲಾಯಿತು? ಒಬ್ಬಾಕೆ ರಂಜಾನಿನ ಇಪ್ಪತ್ತೇಳನೇ ರೋಜಾದ ದಿನ ಎಂದರೆ ಅಕ್ಕಾರು ಆ ವರ್ಷದ ಕ್ಯಾಲೆಂಡರು ತೆಗೆದು ಬೆರಳಿಟ್ಟು ಎಣಿಸುವರು. ದಿನ ಸಿಕ್ಕರೆ ಕ್ಯಾಲೆಂಡರಿನ ಆ ಚೌಕದಲ್ಲಿ ಮಗುವಿನ ಹೆಸರು ಬರೆಯುವರು. ಆಮೇಲೆ ಕೋರ್ಟು, ಕಚೇರಿ ಅಲೆದು ಜನನ ಪ್ರಮಾಣಪತ್ರ ಮಾಡಿಸಿ ನನ್ನ ಮುಂದಿಡುವರು. ಒಂದು ತಾರೀಖಿಗೆ ಇಷ್ಟು ರಾಮಾಯಣವೇ ಎಂದು ನನಗೆ ಸಿಟ್ಟು ಬರುತ್ತಿತ್ತು.

ಆ ಸಿಟ್ಟು ಇಳಿದದ್ದು ರೇಣುಕಾಳಿಂದ. ಆಕೆಯ ತಾಯಿ ಯಲ್ಲವ್ವ ಮಗಳನ್ನು ಶಾಲೆಗೆ ತಂದಾಗ ಹುಡುಗಿಗೆ ಐದೂ ತುಂಬಿರಲಿಲ್ಲ. ಕೈ ಕಿವಿಯ ಹತ್ತಿರಕ್ಕೂ ಬರಲಿಲ್ಲ. ಮನೆಯಲ್ಲಿ ನೋಡಿಕೊಳ್ಳುವವರಿಲ್ಲ ಎಂದು ಯಲ್ಲವ್ವ ಕಣ್ಣೀರು ತೆಗೆದಳು. ನಾನು ಆರು ತುಂಬಿಸಿ ಜೂನ್ ಒಂದು ಎಂದು ಬರೆದೆ. ರೇಣುಕಾ ಚುರುಕಾಗಿ ಓದಿ ಪಿಯುಸಿ ಪಾಸಾದಳು, ನರ್ಸಿಂಗ್ ಸೇರುವವಳಿದ್ದಳು. ಅಷ್ಟರಲ್ಲಿ ದೊಡ್ಡಪ್ಪ ಲಗ್ನ ಗೊತ್ತುಮಾಡಿದ. ನನ್ನ ಬರಹದ ಪ್ರಕಾರ ಅವಳಿಗೆ ಹದಿನೆಂಟು ತುಂಬಿ ಹತ್ತು ದಿನವಾಗಿತ್ತು. ನಿಜವಾಗಿ ಹದಿನೇಳೂ ತುಂಬಿರಲಿಲ್ಲ. ಅವಳು ಹುಟ್ಟಿದ್ದು ನಾಗರ ಪಂಚಮಿಯ ಮರುದಿನ, ಆಗಿನ್ನೂ ಹಬ್ಬದ ಜೋಕಾಲಿ ಬಿಚ್ಚಿರಲಿಲ್ಲ ಎಂದು ಯಲ್ಲವ್ವ ಹೇಳಿದ್ದನ್ನು ಅಕ್ಕಾರು ಕ್ಯಾಲೆಂಡರಿನಲ್ಲಿ ಹಿಡಿದಿದ್ದರು. ಆದರೆ ಲಗ್ನ ತಡೆಯಬೇಕಾದ ಅಧಿಕಾರಿಗಳು ನೋಡುವುದು ಶಾಲೆಯ ದಾಖಲೆಯನ್ನು.

ಶುಕ್ರವಾರ ಮಧ್ಯಾಹ್ನ ಯಲ್ಲವ್ವನನ್ನು ಕರೆದುಕೊಂಡು ಅಕ್ಕಾರು ಶಾಲೆಗೆ ಬಂದರು.

"ಮಾಸ್ತರ, 'ಅಂದಾಜಿಲೆ ಬರದೇನಿ, ಆ ತಾರೀಖು ತಪ್ಪು' ಅಂತ ಒಂದು ಕಾಗದ ಬರದು ಕೊಡ್ರಿ. ಮುಂದಿನದು ನಾ ನೋಡ್ಕೋತೀನಿ."

ನನ್ನ ನಿವೃತ್ತಿಗೆ ಕೆಲವೇ ವರ್ಷ ಉಳಿದಿತ್ತು. ಒಂದು ತಪ್ಪು ಒಪ್ಪಿದರೆ ನಾನು ಬರೆದ ಜೂನ್ ಒಂದುಗಳನ್ನೆಲ್ಲ ಕೆದಕುತ್ತಾರೆ ಎಂಬ ಹೆದರಿಕೆ. ಹೆಡ್‌ಮಾಸ್ತರರನ್ನು ಕೇಳಬೇಕು, ಸೋಮವಾರ ಬರ್ರಿ ಅಂದೆ.

"ಲಗ್ನ ರವಿವಾರ ಅದರಿ, ಮಾಸ್ತರ," ಅಂದರು ಅಕ್ಕಾರು. ನಾನು ಮೇಜಿನ ಮೇಲಿನ ಪುಸ್ತಕಗಳನ್ನು ಜೋಡಿಸತೊಡಗಿದೆ. ರವಿವಾರ ಲಗ್ನವಾಯಿತು.

ಅಕ್ಕಾರು ನನ್ನ ಮೇಲೆ ಹರಿಹಾಯುತ್ತಾರೆಂದು ಕಾದೆ. ಅವರು ಮರುವಾರ ಇನ್ನೊಂದು ಮಗುವಿನ ಕೈಹಿಡಿದು ಬಂದು, ಇದರ ಖರೇ ತಾರೀಖು ಬರೆದುಕೊಳ್ಳಿರಿ ಎಂದರು, ಅಷ್ಟೇ. ಬೈದಿದ್ದರೆ ನಾನು ಎರಡು ದಿನ ಮುನಿಸಿಕೊಂಡು ಮರೆತುಬಿಡುತ್ತಿದ್ದೆ. ಆ ಮೇಲೆ ನಾನೇ ಸಂಜೆ ಅವರ ಮನೆಗೆ ಹೋಗಿ ಕ್ಯಾಲೆಂಡರು ಹುಡುಕಿಕೊಡತೊಡಗಿದೆ. ನಿವೃತ್ತನಾದ ಮೇಲೂ ಹೋದೆ. ರೇಣುಕಾಳ ಮಾತನ್ನು ಅವರೂ ತೆಗೆಯಲಿಲ್ಲ, ನಾನೂ ತೆಗೆಯಲಿಲ್ಲ.

ಹೋದ ತಿಂಗಳು ಅಕ್ಕಾರು ತೀರಿಕೊಂಡರು. ಮೊನ್ನೆ ವಿದ್ಯಾನಗರದಲ್ಲಿ ನಡೆದ ಶ್ರದ್ಧಾಂಜಲಿ ಸಭೆಯಲ್ಲಿ ನಾನೂ ಹತ್ತು ನಿಮಿಷ ಮಾತಾಡಿದೆ. ಕ್ಯಾಲೆಂಡರಿನ ವಿಷಯ ಬಣ್ಣಿಸಿದಾಗ ಜನ ಚಪ್ಪಾಳೆ ತಟ್ಟಿದರು. ನನಗೆ ಹೆಮ್ಮೆಯೂ ಆಯಿತು ಎಂದು ನಿಮ್ಮಲ್ಲಿ ಒಪ್ಪಿಕೊಳ್ಳುತ್ತೇನೆ.

ಇವತ್ತು ಹನ್ನೊಂದರ ಹೊತ್ತಿಗೆ ಬಾಗಿಲು ಬಡಿದದ್ದು ರೇಣುಕಾ. ಇಪ್ಪತ್ತು ವರ್ಷದ ಮೇಲೆ ನೋಡಿದರೂ ಗುರುತು ಸಿಕ್ಕಿತು. ಕಾರ್ಖಾನೆಯೊಂದರಲ್ಲಿ ಪ್ಯಾಕಿಂಗ್ ಕೆಲಸ ಮಾಡುತ್ತಾಳೆ, ಮಗಳು ಕಾಲೇಜಿಗೆ ಹೋಗುತ್ತಾಳೆ. ಸಭೆಯಲ್ಲಿ ಹಿಂದಿನ ಸಾಲಿನಲ್ಲಿದ್ದಳಂತೆ.

"ಛಲೋ ಮಾತಾಡಿದ್ರಿ ಸರ. ನನ್ನ ಹೆಸರೂ ತಗೀತೀರಿ ಅಂತ ಕಡೀತನಕಾ ಕುಂತಿದ್ದೆ."

ಅಕ್ಕಾರು ಅಂದು ಕೇಳಿದ್ದ ಕಾಗದವನ್ನು ಈಗ ಬರೆದುಕೊಡಬೇಕು ಎಂದಳು. ಇಷ್ಟು ವರ್ಷದ ಮೇಲೆ ಅದರಿಂದ ಏನು ಉಪಯೋಗ ಎಂದು ಕೇಳಿದೆ.

"ಏನೂ ಆಗಂಗಿಲ್ರಿ. ಹದಿನೆಂಟು ತುಂಬಿ, ಒಪ್ಪಿ ಲಗ್ನ ಆಗಿ ಸಾಲಿ ಬಿಟ್ಟೆ ಅಂತ ನನ್ನ ಮಗಳು ತಿಳದಾಳ. ಈ ಕಾಗದ ಆಕಿ ಓದಬೇಕು."

ಕುಳಿತು ಬರೆದೆ. ಅವಳ ಖರೇ ತಾರೀಖು, ನಾನು ಬರೆದ ತಾರೀಖು, ಕೊನೆಗೆ ತಿಳಿಯದೆ ಆದ ತಪ್ಪಿಗೆ ವಿಷಾದಿಸುತ್ತೇನೆ ಎಂದು ಸೇರಿಸಿ ಸಹಿ ಮಾಡಿದೆ. ರೇಣುಕಾ ನಿಂತುಕೊಂಡೇ ಎರಡು ಸಲ ಓದಿ ಕಾಗದವನ್ನು ನನ್ನ ಕಡೆಗೆ ತಿರುಗಿಸಿಟ್ಟಳು.

"'ತಿಳಿಯದೆ' ಅನ್ನೂದು ಹೊಡದು ಹಾಕ್ರಿ ಸರ. ಸೋಮವಾರ ಬರ್ರಿ ಅಂದದ್ದನ್ನೂ ಬರೀರಿ. ಅವತ್ತು ನಮ್ಮವ್ವ ಅಲ್ಲೇ ನಿಂತಿದ್ಲು."

ಹೊಡೆದು ಹಾಕಿದೆ. ಸೋಮವಾರ ಬರಹೇಳಿದ್ದನ್ನೂ, ಲಗ್ನ ರವಿವಾರ ಎಂಬುದು ನನಗೆ ಗೊತ್ತಿತ್ತು ಎಂಬುದನ್ನೂ ಬರೆದೆ.