ಉಪಯೋಗಿಸುವ ಮೊದಲು, ಉಪಯೋಗಿಸಿದ ನಂತರ

ಕಳೆದ ಚಳಿಗಾಲದಲ್ಲಿ ದೋಹಾ ಪಕ್ಕದ ಲುಸೈಲ್‌ನ ಹೊಸ ಕಾಫಿ ಅಂಗಡಿಯೊಂದಕ್ಕೆ ಹೋಗಿದ್ದೆವು. ಗೋಡೆಯ ಅಲಂಕಾರಕ್ಕೆಂದು ಹಳೆಯ ಇಂಗ್ಲಿಷ್ ಜಾಹೀರಾತುಗಳಿಗೆ ಕಟ್ಟು ಹಾಕಿಸಿ ತೂಗುಹಾಕಿದ್ದರು. ನಾನು ಕೂತ ಕುರ್ಚಿಯ ಎದುರಿಗೇ ಒಬ್ಬ ಹೆಂಗಸಿನ ಚಿತ್ರ. ಬೆನ್ನು ತಿರುಗಿಸಿ ನಿಂತಿದ್ದಾಳೆ, ಬಿಚ್ಚಿದ ಕೂದಲು ಹಿಮ್ಮಡಿ ಮುಟ್ಟುತ್ತಿದೆ, ಪಕ್ಕದಲ್ಲಿ ಕೇಶತೈಲದ ಸೀಸೆ. ನನ್ನ ಗಂಡ ಚಿತ್ರವನ್ನು ನೋಡಿದರು, ನನ್ನನ್ನು ನೋಡಿದರು, ಎದ್ದು ಬೇರೆ ಮೇಜು ಹುಡುಕಿದರು.

ಎದುರು ಮನೆ ಅಂಕಲ್ ನೆನಪಾದದ್ದು ಇಬ್ಬರಿಗೂ ಒಟ್ಟಿಗೇ ಇರಬೇಕು…

ತೊಂಬತ್ತರ ದಶಕದ ಮಾತು. ಮದುವೆಯಾಗಿ ಮೈಸೂರಿನಿಂದ ದೋಹಾಕ್ಕೆ ಬಂದ ಹೊಸತು. ಗಂಡನಿಗೆ ಮೆಸಯೀದ್‌ನ ಕಾರ್ಖಾನೆಯಲ್ಲಿ ಎಂಜಿನಿಯರ್ ಕೆಲಸ, ಇಲ್ಲಿನ ವಾರದ ರಜೆಯಾದ ಶುಕ್ರವಾರವೂ ಪಾಳಿ. ಬೆಳಿಗ್ಗೆ ಕಂಪನಿ ಬಸ್ಸು ಹತ್ತಿದರೆ ಸಂಜೆಯವರೆಗೆ ನಾನು, ಕಿಟಕಿಯ ಎಸಿಯ ಗುರುಗುರು, ಅಷ್ಟೇ. ನಮ್ಮ ಎದುರು ಬಾಗಿಲಿನಲ್ಲಿ ಮಂಗಳೂರು ಕಡೆಯ ಗಂಡ ಹೆಂಡತಿ ಇದ್ದರು. ಅವರವರೊಳಗೆ ತುಳು, ನನ್ನ ಜೊತೆ ಕನ್ನಡ. ಮಕ್ಕಳು ಊರಿನಲ್ಲಿ ಓದುತ್ತಿದ್ದರು. ಅಂಕಲ್ ಒಂದು ಜಾಹೀರಾತು ಕಂಪನಿಯಲ್ಲಿ ಸೋಪು, ಚಹಾ, ಡಬ್ಬಿ ಹಾಲು ಇವುಗಳ ಗುಣಗಾನ ಬರೆಯುವ ಕೆಲಸದಲ್ಲಿದ್ದರು. ಅವರ ಇಂಗ್ಲಿಷ್ ಸಾಹೇಬ ದೋಹಾ ಬಿಟ್ಟು ಹೋಗುವಾಗ ತನ್ನ ಕಪಾಟು ಬರಿದು ಮಾಡಿ, ವಿಕ್ಟೋರಿಯಾ ರಾಣಿಯ ಕಾಲದ ಮಾಸಪತ್ರಿಕೆಗಳ ದಪ್ಪ ಸಂಪುಟಗಳನ್ನು ಇವರ ಕೈಗೆ ಹಾಕಿದ್ದನಂತೆ. "ಖಲಾಸ್, ಇನ್ನು ಇದು ನಿನ್ನ ತಲೆನೋವು ಅಂದ ಮಾರಾಯ್ತಿ" ಎಂದು ಅಂಕಲ್ ನಗುತ್ತಿದ್ದರು.

ಶುಕ್ರವಾರಗಳಲ್ಲಿ ಆ ಸಂಪುಟಗಳೇ ನಮಗೆ ಸಿನಿಮಾ. ಆಂಟಿ ನೀರುದೋಸೆ ಹೊಯ್ಯುವಳು, ಅಂಕಲ್ ಓದುವರು, ನಾನು ನೆಲದ ಮೇಲೆ ಕಾಲು ಚಾಚಿ ಕೇಳುವೆ. ಆ ಪುಟಗಳಲ್ಲಿ ಇಲ್ಲದ ಔಷಧಿಯೇ ಇರಲಿಲ್ಲ. ಒಂದೇ ಗುಳಿಗೆಯಿಂದ ಅಜೀರ್ಣ, ನಿದ್ರಾಹೀನತೆ, ದುಃಖ ಮೂರೂ ಮಾಯ. ಸೊಂಟಕ್ಕೆ ಕಟ್ಟಿಕೊಂಡರೆ ಯೌವನ ಮರಳಿಸುವ ವಿದ್ಯುತ್ ಪಟ್ಟಿ. ಎಡಗಡೆ ಬೋಳು ತಲೆಯ ಗಂಡಸು, 'ಉಪಯೋಗಿಸುವ ಮೊದಲು'. ಬಲಗಡೆ ಅವನೇ ಸಿಂಹದಂಥ ಕೇಸರ ಬಿಟ್ಟುಕೊಂಡು, 'ಉಪಯೋಗಿಸಿದ ನಂತರ'. ಕೆಳಗೆ ಯಾವಳೋ ಶ್ರೀಮತಿ, ಹೆಸರಿನ ಮೊದಲಕ್ಷರ ಮಾತ್ರ ಹಾಕಿ, ತನ್ನ ಸಂಕಟವೆಲ್ಲ ಹೇಗೆ ನೀಗಿತೆಂದು ಬರೆದಿರುತ್ತಿದ್ದಳು. ನಡುನಡುವೆ ನಗೆಚಟಾಕಿ. "ಕನ್ನಡಿ ಒರೆಸಿದೆಯಾ?" ಎಂದು ಯಜಮಾನಿ ಕೇಳಿದರೆ ಕೆಲಸದವಳು, "ಒರೆಸಿದೆ ಅಮ್ಮಾ, ಆದ್ರೂ ಅದೇ ಮುಖ ಬರ್ತಿದೆ" ಅನ್ನುತ್ತಾಳೆ. ಅಂಕಲ್ ಯಜಮಾನಿಯ ದನಿಯನ್ನೂ ಕೆಲಸದವಳ ದನಿಯನ್ನೂ ತಾವೇ ಮಾಡುವರು. ನಕ್ಕು ನಕ್ಕು ನನಗೆ ಪಕ್ಕೆ ನೋಯುತ್ತಿತ್ತು.

ಆ ವರ್ಷ ನಾನು ಬಸಿರಾದೆ. ಮೂರು ತಿಂಗಳು ತುಂಬುವ ತನಕ ಯಾರಿಗೂ ಹೇಳುವುದು ಬೇಡವೆಂದು ನಾವಿಬ್ಬರೇ ಗುಟ್ಟಾಗಿ ಇಟ್ಟುಕೊಂಡಿದ್ದೆವು. ತುಂಬುವ ಮೊದಲೇ ಹೋಯಿತು. ಬಂದದ್ದನ್ನೇ ಹೇಳಿರದಿದ್ದ ಮೇಲೆ ಹೋದದ್ದನ್ನು ಯಾರಿಗೆ ಹೇಳುವುದು? "ನಮ್ಮಿಬ್ಬರಲ್ಲೇ ಇರ್ಲಿ, ಊರಲ್ಲಿ ಗೊತ್ತಾದ್ರೆ ಅಮ್ಮ ಪೂಜೆ, ಜಾತಕ ಅಂತ ಶುರು ಮಾಡ್ತಾರೆ" ಎಂದರು ಗಂಡ. ಆಮೇಲೆ ಕೂದಲು ಉದುರಲು ಶುರುವಾಯಿತು. ಬಾಚಣಿಗೆಯಲ್ಲಿ, ದಿಂಬಿನಲ್ಲಿ, ಸ್ನಾನದ ನೀರು ಹೋಗುವ ಜಾಲರಿಯಲ್ಲಿ ಎಲ್ಲೆಲ್ಲೂ ಕೂದಲು. ಊರಿನಿಂದ ತಂದಿದ್ದ ಚೌರಿ ಸೇರಿಸಿ ಜಡೆ ಹೆಣೆದು, ಹೂವಿನ ಬದಲು ಕ್ಲಿಪ್ಪು ಸಿಕ್ಕಿಸಿ ಓಡಾಡಿದೆ. ಯಾರಿಗೂ ಗೊತ್ತಾಗಲಿಲ್ಲ.

ಒಂದು ಶುಕ್ರವಾರ ಅಂಕಲ್ ಒಂದು ಕೇಶತೈಲದ ಜಾಹೀರಾತು ಓದತೊಡಗಿದರು. ಎಂದಿನಂತೆ ನಗಲು ಹೊರಟವಳು ಅತ್ತುಬಿಟ್ಟೆ. ಆಂಟಿ ಒಳಗೆ ಪಾತ್ರೆ ತೊಳೆಯುತ್ತಿದ್ದಳು, ಅವಳಿಗೆ ಕೇಳಿಸಲಿಲ್ಲ. ಅಂಕಲ್‌ಗೆ ಎಲ್ಲವನ್ನೂ ಹೇಳಿದೆ. "ಬಸಿರೂ ನಿಲ್ಲಲಿಲ್ಲ, ಕೂದಲೂ ನಿಲ್ಲಲಿಲ್ಲ ಅಂಕಲ್" ಎಂದೆ. ಆ ಮಾತು ಬಾಯಿಗೆ ಹೇಗೆ ಬಂತೋ. ಅವರು ಪುಸ್ತಕ ಮುಚ್ಚಿದರು. ಕಣ್ಣಲ್ಲಿ ನೀರಿತ್ತು, ನಾನು ನೋಡಿದ್ದೇನೆ. "ನನ್ನ ಮಗಳ ಹಾಗೆ ಅಲ್ವಾ ನೀನು. ಇದು ಈ ಗೋಡೆ ದಾಟಿ ಹೋಗುದಿಲ್ಲ" ಎಂದರು. ಅಂದು ಮನೆಗೆ ಬಂದು, ಎಷ್ಟೋ ದಿನದ ಮೇಲೆ, ನೆಮ್ಮದಿಯಾಗಿ ನಿದ್ದೆ ಮಾಡಿದೆ.

ಯುಗಾದಿಗೆ ಇಲ್ಲಿನ ಕನ್ನಡದವರೆಲ್ಲ ಶಾಲೆಯೊಂದರ ಸಭಾಂಗಣದಲ್ಲಿ ಸೇರಿದ್ದೆವು. ದೂರದ ಅಲ್ ಖೋರ್‌ನಿಂದಲೂ ಸಂಸಾರಗಳು ಬಂದಿದ್ದವು. ಹಾಡು, ಕೋಲಾಟ ಮುಗಿದು ಅಂಕಲ್ ಅವರ ನಗೆಕಾರ್ಯಕ್ರಮ ಬಂತು. ಹಳೆಯ ಇಂಗ್ಲಿಷ್ ಜಾಹೀರಾತುಗಳನ್ನು ಕನ್ನಡಕ್ಕೆ ಇಳಿಸಿ ಓದುತ್ತೇನೆ ಎಂದರು. ನನಗೋ ಹೆಮ್ಮೆ, ಇದೆಲ್ಲ ನಾನು ಮೊದಲೇ ಕೇಳಿದ್ದು ಅಂತ. ಗುಳಿಗೆ ಆಯಿತು, ವಿದ್ಯುತ್ ಪಟ್ಟಿ ಆಯಿತು. ಸಭೆ ಬಿದ್ದು ಬಿದ್ದು ನಗುತ್ತಿತ್ತು. ಆಗ ಅವರು ದನಿ ಎಳೆದು ಓದಿದರು: "ಮರುಭೂಮಿಯ ಮಹಾ ಕೇಶತೈಲ! ಮೆಸಯೀದಿನ ಎಂಜಿನಿಯರೊಬ್ಬರ ಧರ್ಮಪತ್ನಿ ಬರೆಯುತ್ತಾರೆ. 'ಮಾನ್ಯರೇ, ನನಗೆ ಬಸಿರೂ ನಿಲ್ಲಲಿಲ್ಲ, ಕೂದಲೂ ನಿಲ್ಲಲಿಲ್ಲ. ತಮ್ಮ ತೈಲ ಹಚ್ಚಿದ ಮೇಲೆ ಕೂದಲಂತೂ ನಿಂತಿದೆ. ಚೌರಿಯಲ್ಲಿ ಕಿಟಕಿ ಒರೆಸುತ್ತಿದ್ದೇನೆ. ಇನ್ನೊಂದು ಸೀಸೆ ಕಳಿಸಿ, ಇನ್ನೊಂದರ ಸಲುವಾಗಿ!'"

ಎಲ್ಲರ ಜೊತೆ ನಾನೂ ನಗುತ್ತಿದ್ದೆ. ಬಾಯಿ ತೆರೆದೇ ಇತ್ತು. ಅದು ನನ್ನ ಮಾತು, ನಾನು ಅತ್ತು ಆಡಿದ ಮಾತು ಎಂದು ತಿಳಿಯುವಷ್ಟರಲ್ಲಿ ಚಪ್ಪಾಳೆ ಬಿದ್ದಿತ್ತು. ಮೆಸಯೀದ್‌ನ ಎಂಜಿನಿಯರುಗಳು ಅಲ್ಲಿ ಹಲವರಿದ್ದರು, ಆದರೆ ಹಿಂದಿನ ಸಾಲಿನ ಹೆಂಗಸೊಬ್ಬಳ ಕಣ್ಣು ನನ್ನ ಜಡೆಯ ಮೇಲೆ ನಿಂತದ್ದು ನನಗೆ ತಿಳಿಯಿತು. ಮುಂದಿನ ಸಾಲಿನಲ್ಲಿದ್ದ ಆಂಟಿ ತಿರುಗಿ ನನ್ನ ಮುಖ ನೋಡಿದಳು. ಅವಳ ನಗು ಅಲ್ಲೇ ಇಂಗಿಹೋಯಿತು.

ಕಾರು ಮನೆ ಹತ್ತಿರ ಬಂದಾಗ, "ಅವರಿಗೆ ಹೇಗೆ ಗೊತ್ತಾಯ್ತು?" ಎಂದರು ಗಂಡ.

"ನಾನೇ ಹೇಳ್ದೆ."

"ನನ್ನ ಹತ್ರ ಒಂದ್ಸಲಾನೂ ಅಳ್ಲಿಲ್ವಲ್ಲ ನೀನು…" ಎಂದರು. ಕೋಪವಿದ್ದಿದ್ದರೆ ತಡೆದುಕೊಳ್ಳುತ್ತಿದ್ದೆ. ಕೋಪವಿರಲಿಲ್ಲ.

ಮರುದಿನ ನಾನೇ ಹೋಗಿ ಎದುರು ಬಾಗಿಲು ತಟ್ಟಿದೆ. ಅಂಕಲ್ ಬಂದರು. "ಯಾಕೆ ಹೀಗ್ಮಾಡಿದ್ರಿ?" ಎಂದೆ.

"ಎಂತದು ಮಾರಾಯ್ತಿ, ಅದು ಬರೀ ತಮಾಷೆ ಅಲ್ವಾ? ನಾನು ಹೆಸರು ಹಾಕ್ಲಿಲ್ಲ. ಎಷ್ಟು ನಗಾಡಿದ್ರು ಜನ, ನೋಡಿದ್ಯಲ್ಲ?" ಆಮೇಲೆ ತಗ್ಗಿದ ದನಿಯಲ್ಲಿ ಹೇಳಿದರು, "ಆ ಸಾಲು ಅಷ್ಟು ಚಂದ ಇತ್ತು… ಬಿಡ್ಲಿಕ್ಕೆ ಮನಸ್ಸು ಬರ್ಲಿಲ್ಲ."

ಒಳಗಿನಿಂದ ಆಂಟಿ ತುಳುವಿನಲ್ಲಿ ಏನೋ ಗಟ್ಟಿಯಾಗಿ ಅಂದಳು. ಅಂಕಲ್ ತಲೆ ತಗ್ಗಿಸಿದರು. ನಾನು ತಿರುಗಿ ಬಂದು ನಮ್ಮ ಬಾಗಿಲು ಹಾಕಿಕೊಂಡೆ.

ಅಂದು ಸಂಜೆ ಗಂಡನ ಕೈಗೆ ಕತ್ತರಿ ಕೊಟ್ಟು, ಉಳಿದ ಕೂದಲನ್ನು ಕಿವಿಯ ಮಟ್ಟಕ್ಕೆ ಕತ್ತರಿಸಲು ಹೇಳಿದೆ. ಕತ್ತರಿಸುತ್ತ ಕತ್ತರಿಸುತ್ತ ಅವರು ಅತ್ತರು, ನಾನೂ ಅತ್ತೆ. ನಾವಿಬ್ಬರೂ ಒಟ್ಟಿಗೆ ಅತ್ತದ್ದು ಅದೇ ಮೊದಲು. ಸ್ವಲ್ಪ ಕಾಲದಲ್ಲೇ ಬೇರೆ ಬಡಾವಣೆಗೆ ಮನೆ ಬದಲಾಯಿಸಿದೆವು. ಕೂದಲು ಮತ್ತೆ ಬಂತು. ಮುಂದೆ ಮಗನೂ ಹುಟ್ಟಿದ. ಅಂಕಲ್ ಎದುರು ಸಿಕ್ಕಿದಾಗ ನಾನು ನಮಸ್ಕಾರ ಮಾಡುತ್ತಿದ್ದೆ, ನಿಲ್ಲುತ್ತಿರಲಿಲ್ಲ. ಆಮೇಲೆ ಅವರು ಊರಿಗೆ ಹೋದರು.

ಕಾಫಿ ಅಂಗಡಿಗೆ ಹೋಗಿ ಬಂದ ಕೆಲವು ವಾರಗಳಲ್ಲಿ ಅವರು ತೀರಿಕೊಂಡ ಸುದ್ದಿ ಹಳಬರ ವಾಟ್ಸಾಪ್ ಗುಂಪಿನಲ್ಲಿ ಬಂತು. ಎಂಥ ಹಾಸ್ಯಪ್ರಜ್ಞೆ, ಎಷ್ಟು ನಗಿಸಿದ ಮನುಷ್ಯ ಎಂದು ಎಲ್ಲರೂ ಬರೆದರು. ನಾನು ಏನೂ ಬರೆಯಲಿಲ್ಲ. ಮೋಸ ಮಾಡಿದವರು ಸತ್ತರೆ ಎದೆ ಹಗುರಾಗುತ್ತದೆ ಅಂದುಕೊಂಡಿದ್ದೆ. ಹಾಗಾಗಲಿಲ್ಲ… ಆ ಶುಕ್ರವಾರ ಅಳುತ್ತಾ ನಾನು ಅವರಿಗೆ ಇನ್ನೂ ಒಂದು ಮಾತು ಹೇಳಿದ್ದೆ. ಹುಟ್ಟದ ಆ ಮಗುವಿಗೆ ಇಡಬೇಕೆಂದಿದ್ದ ಹೆಸರು. ಗಂಡನಿಗೂ ಅದನ್ನು ಹೇಳಿರಲಿಲ್ಲ, ಇವತ್ತಿಗೂ ಹೇಳಿಲ್ಲ. ಅದೊಂದನ್ನು ಅಂಕಲ್ ವೇದಿಕೆಯ ಮೇಲೆ ಆಡಲಿಲ್ಲ. ಕರುಣೆಯಿಂದ ಬಿಟ್ಟರೋ, ನಗೆಗೆ ಒದಗಲಿಲ್ಲವೆಂದು ಬಿಟ್ಟರೋ, ಇನ್ನು ಕೇಳುವಂತಿಲ್ಲ. ಆ ಹೆಸರನ್ನು ನನ್ನ ಬಾಯಿಂದ ಕೇಳಿದ್ದವರು ಅವರೊಬ್ಬರೇ.